ಪಟ್ಟಣದ ಬೆಳ್ಳಿಯ ಅಸಲಿತನ: ಮೊಹರಾದ ಪೆಟ್ಟಿಗೆಯೊಳಗಿನ ಟಿಪ್ಪು ನಾಣ್ಯವನ್ನು ಓದುವ ಬಗೆ

ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣದ ಟಂಕಸಾಲೆಯಿಂದ ಹೊರಬಂದ ಎರಡು ರೂಪಾಯಿಯ ಬೆಳ್ಳಿ ನಾಣ್ಯವು ಸುಮಾರು 23 ಗ್ರಾಂ ತೂಗುವ ಅಗಲವಾದ ಬಿಲ್ಲೆಯಾಗಿದ್ದು, ಹದಿನೆಂಟನೆಯ ಶತಮಾನದ ಭಾರತೀಯ ನಾಣ್ಯಗಳ ನಡುವೆ ತನ್ನ ಗಾತ್ರದಿಂದಲೇ ಎದ್ದು ಕಾಣುತ್ತದೆ. 26.73 ಗ್ರಾಂ ತೂಕ ಮತ್ತು 38.1 ಮಿಲಿಮೀಟರ್ ವ್ಯಾಸದ ಅಮೆರಿಕದ ಮಾರ್ಗನ್ ಡಾಲರ್, ಸ್ಪೇನಿನ ಎಂಟು ರಿಯಾಲ್ ಮೊದಲಾದ ದೊಡ್ಡ ಬೆಳ್ಳಿ ನಾಣ್ಯಗಳನ್ನು ಕೂಡಿಡುವ ಸಂಗ್ರಾಹಕರು ಇದನ್ನೂ ಅದೇ ಸಾಲಿನಲ್ಲಿ ಇಟ್ಟು ನೋಡುವುದರಿಂದ, ಕಾವೇರಿಯ ದ್ವೀಪದಲ್ಲಿ ಅಚ್ಚಾದ ಈ ನಾಣ್ಯವು ಇಂದು ವಿದೇಶಿ ಹರಾಜುಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಲೇಬಲ್ ಮತ್ತು ಅಂಕಗಳ ಸಮೇತ ಕಾಣಿಸಿಕೊಳ್ಳುತ್ತದೆ. ಆ ಪೆಟ್ಟಿಗೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಮತ್ತು ಅದು ಹೇಳದೆ ಉಳಿಸಿದ್ದನ್ನು ನಾಣ್ಯದಿಂದಲೇ ಹೇಗೆ ತಿಳಿದುಕೊಳ್ಳಬೇಕು ಎಂಬುದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳವರಿಗೆ ದೂರದ ವಿಷಯವಲ್ಲ. ಏಕೆಂದರೆ ಈ ನಾಣ್ಯಗಳು ಮೊದಲು ಕೈಯಿಂದ ಕೈಗೆ ಓಡಾಡಿದ್ದು ಇದೇ ನೆಲದ ಸಂತೆಗಳಲ್ಲಿ, ಇದೇ ನೆಲದ ಪಾಳೆಯಗಳಲ್ಲಿ.

ನಾಣ್ಯವನ್ನು ವೃತ್ತಿಪರವಾಗಿ ಪರಿಶೀಲಿಸಿ, ಅಸಲಿ ಎಂದು ತೋರಿದರೆ ಅದರ ಸ್ಥಿತಿಗೆ ಅಂಕ ಕೊಟ್ಟು, ಮತ್ತೆ ತೆರೆದರೆ ಗುರುತು ಉಳಿಯುವಂತೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡುವ ಕೆಲಸಕ್ಕೆ ಗ್ರೇಡಿಂಗ್ ಎಂದೂ, ಆ ಪೆಟ್ಟಿಗೆಗೆ ಸ್ಲ್ಯಾಬ್ ಎಂದೂ ಹೆಸರು. ಇದನ್ನು ದೊಡ್ಡ ಪ್ರಮಾಣದ ವ್ಯವಹಾರವಾಗಿ ಬೆಳೆಸಿದವು ಅಮೆರಿಕದ ಪಿಸಿಜಿಎಸ್ ಮತ್ತು 1987ರಲ್ಲಿ ಆರಂಭವಾದ ಎನ್‌ಜಿಸಿ ಎಂಬ ಎರಡು ಕಂಪನಿಗಳು. ಇವು ಬಳಸುವ 1ರಿಂದ 70ರವರೆಗಿನ ಅಳತೆಗೋಲನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ್ದನು. 60ರಿಂದ ಮೇಲಿನ ಅಂಕಗಳು ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ, ಅದಕ್ಕಿಂತ ಕೆಳಗಿನವು ಸವೆತದ ಮಟ್ಟಕ್ಕೆ ತಕ್ಕಂತೆ ಸಲ್ಲುತ್ತವೆ. ತೊಳೆದ, ತೂತು ಕೊರೆದ, ಬೆಸುಗೆ ಬಿದ್ದ ನಾಣ್ಯವು ಅಸಲಿಯೇ ಆಗಿದ್ದರೂ ಅದಕ್ಕೆ ಅಂಕ ಕೊಡದೆ, ದೋಷವನ್ನು ಲೇಬಲ್ಲಿನ ಮೇಲೆ ಬರೆದು ಮೊಹರು ಮಾಡುವ ರೂಢಿಯೂ ಇದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: 62 ಮತ್ತು 63ರ ನಡುವಿನ ಅಂತರವು ಬೆಲೆಯಲ್ಲಿ ಎಷ್ಟೇ ದೊಡ್ಡದಾಗಿ ಕಂಡರೂ ಅದು ನಾಣ್ಯದ ಮೈಯ ಬಗ್ಗೆ ತಜ್ಞರ ಅಭಿಪ್ರಾಯವೇ ಹೊರತು, ಅದರ ಹುಟ್ಟಿನ ಬಗ್ಗೆ ಹೆಚ್ಚಿನ ಸಾಕ್ಷ್ಯವಲ್ಲ.

ನಕಲು ಮಾಡುವವರು ನಾಣ್ಯದ ಜೊತೆಗೆ ಪೆಟ್ಟಿಗೆಯನ್ನೂ ನಕಲು ಮಾಡುತ್ತಾರೆ ಎಂಬುದು ಈ ಶತಮಾನದಲ್ಲಿ ಎದುರಾದ ಹೊಸ ತೊಡಕು. ಚೀನಾದಲ್ಲಿ ತಯಾರಾದ ಮಾರ್ಗನ್ ಡಾಲರ್ ಮತ್ತು ಟ್ರೇಡ್ ಡಾಲರ್ ನಕಲಿಗಳು ನಕಲಿ ಸ್ಲ್ಯಾಬುಗಳಲ್ಲಿಯೇ ಮಾರುಕಟ್ಟೆಗೆ ಬಂದಿವೆ. ಅವುಗಳ ಲೇಬಲ್ ಮೇಲೆ ಯಾವುದೋ ಅಸಲಿ ನಾಣ್ಯಕ್ಕೆ ಸೇರಿದ ಪ್ರಮಾಣಪತ್ರ ಸಂಖ್ಯೆಯನ್ನೇ ಮುದ್ರಿಸಿರುವುದರಿಂದ, ಕಂಪನಿಯ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ ಸರಿಯಾದ ವಿವರವೇ ಸಿಗುತ್ತದೆ. ಸಂಖ್ಯೆ ಸಿಕ್ಕಿತು ಎಂಬಲ್ಲಿಗೆ ಪರಿಶೀಲನೆ ಮುಗಿಯಲಿಲ್ಲ. ಆ ಸಂಖ್ಯೆಯಡಿ ಕಂಪನಿ ಇರಿಸಿದ ಛಾಯಾಚಿತ್ರವನ್ನು ಕೈಯಲ್ಲಿರುವ ನಾಣ್ಯದೊಂದಿಗೆ ಹೋಲಿಸಿ ನೋಡಬೇಕು. ಲೇಬಲ್ಲಿನ ಅಕ್ಷರದ ಆಕಾರ, ಹಾಲೊಗ್ರಾಂ, ಪೆಟ್ಟಿಗೆಯ ಅಂಚು ಬೆಸೆದಿರುವ ರೀತಿ ಇವನ್ನು ಅದೇ ಕಾಲದ ಬೇರೆ ಸ್ಲ್ಯಾಬುಗಳ ಜೊತೆ ಇಟ್ಟು ನೋಡಬೇಕು. ಈ ವಿಷಯದಲ್ಲಿ ಶ್ರೀರಂಗಪಟ್ಟಣದ ನಾಣ್ಯಕ್ಕೆ ಮಾರ್ಗನ್ ಡಾಲರಿಗೆ ಇಲ್ಲದ ಒಂದು ಅನುಕೂಲವಿದೆ. ಯಂತ್ರದಿಂದ ಲಕ್ಷಗಟ್ಟಲೆ ಒತ್ತಿದ ಡಾಲರುಗಳು ಒಂದರಂತೆ ಒಂದಿರುವುದರಿಂದ ಚಿತ್ರದಿಂದ ಗುರುತಿಸುವುದು ಕಷ್ಟ. ಕೈಯಿಂದ ಅಚ್ಚು ಕೊರೆದು, ಸುತ್ತಿಗೆಯಿಂದ ಬಡಿದು ಟಂಕಿಸಿದ ಟಿಪ್ಪುವಿನ ರೂಪಾಯಿಯಲ್ಲಾದರೋ ಬರಹವು ಬಿಲ್ಲೆಯ ಯಾವ ಭಾಗದಲ್ಲಿ ಅಂಚಿನಾಚೆಗೆ ಸರಿದಿದೆ, ಸೀಳು ಎಲ್ಲಿ ಬಿದ್ದಿದೆ, ನೋಟಗಾರರು ಹಾಕಿದ ಗುರುತು ಎಲ್ಲಿದೆ ಎಂಬುದು ಪ್ರತಿ ನಾಣ್ಯಕ್ಕೂ ಬೇರೆಯಾಗಿರುತ್ತದೆ. ನೋಟಗಾರರೆಂದರೆ ಖಜಾನೆಯಲ್ಲಿಯೂ ಪೇಟೆಯಲ್ಲಿಯೂ ನಾಣ್ಯದ ಸಾಚಾತನವನ್ನು ಪರೀಕ್ಷಿಸಿ ಒಪ್ಪುತ್ತಿದ್ದವರು. ಅವರ ಕೈಯ ಸಣ್ಣ ಮುದ್ರೆಗಳನ್ನು ಗ್ರೇಡಿಂಗಿನವರು ಹಾನಿಯೆಂದು ಎಣಿಸಿದರೂ ಇತಿಹಾಸದ ದೃಷ್ಟಿಯಿಂದ ಅವು ನಾಣ್ಯ ಚಲಾವಣೆಯಲ್ಲಿ ಇತ್ತೆಂಬುದರ ಸಾಕ್ಷಿಗಳು.

ಪೆಟ್ಟಿಗೆಯಿಂದ ನಾಣ್ಯದ ಕಡೆಗೆ ತಿರುಗಿದರೆ ವಿಷಯ ನಿಜವಾಗಿ ಸಮೃದ್ಧವಾಗುವುದು ಅಲ್ಲಿಯೇ. ಹೈದರಾಲಿಯು ಚಿನ್ನ ಮತ್ತು ತಾಮ್ರದಲ್ಲಿ ಮಾತ್ರ ನಾಣ್ಯ ಹೊರಡಿಸಿದ್ದನು. ಬೆಳ್ಳಿಯ ನಾಣ್ಯಗಳ ಪೂರ್ಣ ಶ್ರೇಣಿಯನ್ನು ತಂದವನು ಟಿಪ್ಪು. ಎರಡು ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ, ಎರಡಾಣೆಗೆ ಜಾಫರಿ, ಒಂದಾಣೆಗೆ ಕಾಝಿಮಿ, ಅದರರ್ಧಕ್ಕೆ ಖಿಝ್ರಿ ಎಂದು ಹೆಸರಿಟ್ಟು, ಪ್ರತಿ ಹೆಸರನ್ನೂ ಇಸ್ಲಾಮಿನ ಪೂಜ್ಯರೊಬ್ಬರಿಂದ ಅಥವಾ ಇಮಾಮರಿಂದ ಪಡೆದನು. ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಪಟ್ಟಣದ ಟಂಕಸಾಲೆಯವೇ. ನಾಣ್ಯಗಳ ಮೇಲೆ ಶ್ರೀರಂಗಪಟ್ಟಣವನ್ನು ಸರಳವಾಗಿ ‘ಪಟನ್’ ಎಂದು ಬರೆದಿದೆ. ಎರಡು ರೂಪಾಯಿಯ ಒಂದು ಮುಖದಲ್ಲಿ ಹೈದರನ ವಿಜಯದಿಂದ ಅಹ್ಮದರ ಧರ್ಮವು ಜಗತ್ತಿನಲ್ಲಿ ಬೆಳಗಿತು ಎಂಬ ಅರ್ಥದ ಪಾರಸಿ ಬರಹ, ಟಂಕಸಾಲೆಯ ಹೆಸರು ಮತ್ತು ವರ್ಷಗಳಿದ್ದು, ಇನ್ನೊಂದರಲ್ಲಿ ಅವನೊಬ್ಬನೇ ನ್ಯಾಯವಂತನಾದ ಸುಲ್ತಾನ ಎಂಬ ಮಾತೂ ಆಳ್ವಿಕೆಯ ವರ್ಷವೂ ಇರುತ್ತವೆ. ಮೊಘಲ ಬಾದಶಹನ ಹೆಸರಾಗಲಿ, ಟಿಪ್ಪುವಿನ ಸ್ವಂತ ಹೆಸರಾಗಲಿ ಇವುಗಳ ಮೇಲೆ ಇಲ್ಲ. ಈ ಒಂದು ಸಂಗತಿಯೇ ಒಂದು ಜರಡಿ: ಮೊಘಲ ಬಾದಶಹ ಷಾ ಆಲಂನ ಹೆಸರೂ ಮೈಸೂರು ಟಂಕಸಾಲೆಯ ಹೆಸರೂ ಇರುವ ರೂಪಾಯಿಯು 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಚ್ಚಾದದ್ದು, ಅದನ್ನು ಟಿಪ್ಪುವಿನದೆಂದು ಮಾರುವವನು ತಿಳಿಯದೆಯೋ ತಿಳಿದೋ ತಪ್ಪು ಹೇಳುತ್ತಿದ್ದಾನೆ.

ಅದಕ್ಕಿಂತ ಬಿಗಿಯಾದ ಜರಡಿ ಕಾಲಗಣನೆಯದು. ಟಿಪ್ಪು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಶಕೆಯನ್ನು ಬಳಸಿ, 1787ರಿಂದ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದನು. ಹಿಜರಿ ವರ್ಷವು ಕೇವಲ ಚಂದ್ರನನ್ನು ಅನುಸರಿಸುವ ಸುಮಾರು 354 ದಿನಗಳದ್ದು. ಮೌಲೂದಿ ವರ್ಷವಾದರೋ ಅಧಿಕ ಮಾಸವನ್ನು ಸೇರಿಸಿಕೊಂಡು ಸೂರ್ಯನೊಂದಿಗೂ ಹೊಂದಿಕೊಳ್ಳುವ, ನಮ್ಮ ಪಂಚಾಂಗದ ಚಾಂದ್ರಮಾನ ವರ್ಷಕ್ಕೆ ಸಮಾನವಾದುದು. ಪಟ್ಟವೇರಿದ ಮೊದಲ ವರ್ಷವನ್ನು 1 ಎಂದು ಹಿಡಿದರೆ ಹಿಜರಿ 1198ರ ನಾಣ್ಯದ ಮೇಲೆ ಆಳ್ವಿಕೆಯ ವರ್ಷ 2, 1199ರ ಮೇಲೆ 3, 1200ರ ಮೇಲೆ 4 ಇರಬೇಕು. ಮೌಲೂದಿ ವರ್ಷದಿಂದ 1210ನ್ನು ಕಳೆದರೆ ಆಳ್ವಿಕೆಯ ವರ್ಷ ಬರುತ್ತದೆ, ಅಂದರೆ 1216ಕ್ಕೆ 6, 1217ಕ್ಕೆ 7. ಇದರ ಜೊತೆಗೆ ಹಿಜರಿ ಅಂಕೆಗಳನ್ನು ಎಡದಿಂದ ಬಲಕ್ಕೆ ಕೊರೆದಿದ್ದರೆ, ಮೌಲೂದಿ ಅಂಕೆಗಳನ್ನು ಲಿಪಿಯ ದಿಕ್ಕಿನಲ್ಲಿಯೇ ಬಲದಿಂದ ಎಡಕ್ಕೆ ಕೊರೆದಿದೆ. ಎಡದಿಂದ ಓದುವ ಕಣ್ಣಿಗೆ 1216 ಎಂಬುದು 6121ರಂತೆ ಕಾಣಬೇಕು. ಪುಸ್ತಕದ ಪಟ್ಟಿಯನ್ನು ಮಾತ್ರ ನೋಡಿ ಅಚ್ಚು ಕೊರೆಯುವ ಇಂದಿನ ನಕಲುಗಾರನು ಎಡವುವುದು ಇಂಥ ಕಡೆಯಲ್ಲಿಯೇ. ಅಪರೂಪದ ವರ್ಷದ ಬೆಲೆಗಾಗಿ ಸಾಮಾನ್ಯ ವರ್ಷದ ನಾಣ್ಯದ ಒಂದು ಅಂಕೆಯನ್ನು ಉಳಿಯಿಂದ ತಿದ್ದಿದಾಗಲೂ ಎರಡು ಮುಖಗಳ ವರ್ಷಗಳು ಪರಸ್ಪರ ಒಪ್ಪದೆ ಅದು ಬಯಲಾಗುತ್ತದೆ.

ಈ ಲೆಕ್ಕವು ಕನ್ನಡ ಓದುಗರಿಗೆ ಇನ್ನೂ ಹತ್ತಿರವಾಗುವುದು ಸಂವತ್ಸರಗಳ ಮೂಲಕ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರವನ್ನು ಟಿಪ್ಪು ಹಾಗೆಯೇ ಉಳಿಸಿಕೊಂಡು, ಪ್ರತಿ ವರ್ಷಕ್ಕೂ ಹೊಸ ಹೆಸರೊಂದನ್ನು ಕೊಟ್ಟನು. ಆ ಹೆಸರಿನ ಅಕ್ಷರಗಳ ಬೆಲೆಯನ್ನು ಕೂಡಿದರೆ ಚಕ್ರದಲ್ಲಿ ಆ ವರ್ಷದ ಸ್ಥಾನ ಸಿಗುವಂತೆ ಹೆಸರುಗಳನ್ನು ಆರಿಸಲಾಗಿತ್ತು. ಹಿಜರಿ 1198ರ ನಾಣ್ಯದ ಮೇಲಿರುವ ‘ಅಝಲ್’ ಎಂಬ ವರ್ಷನಾಮದಲ್ಲಿ ಅಲಿಫ್‌ಗೆ 1, ಝೇಗೆ 7, ಲಾಮ್‌ಗೆ 30, ಒಟ್ಟು 38. 1784ರ ಯುಗಾದಿಗೆ ಆರಂಭವಾದದ್ದು ಮೂವತ್ತೆಂಟನೆಯ ಸಂವತ್ಸರವಾದ ಕ್ರೋಧಿ. ಮೌಲೂದಿ ಶಕೆ ಬಂದ ಮೇಲೆ ಅಕ್ಷರಗಳ ಬೆಲೆಯನ್ನು ವರ್ಣಮಾಲೆಯ ಅನುಕ್ರಮಕ್ಕೆ ಬದಲಿಸಲಾಯಿತು. ಆ ಪದ್ಧತಿಯಲ್ಲಿ 1216ರ ಹೆಸರಾದ ‘ಸಾರಾ’ದ ಮೊತ್ತ 42, ಅದಕ್ಕೆ ಸರಿಯಾದ ಸಂವತ್ಸರ 1788ರ ಕೀಲಕ. ಮೌಲೂದಿ ವರ್ಷದಿಂದ 1174ನ್ನು ಕಳೆದರೆ ಸಂವತ್ಸರದ ಸಂಖ್ಯೆ ಸಿಗುತ್ತದೆ ಎಂಬ ಸೂತ್ರವು ಕೊನೆಯ ವರ್ಷವಾದ 1227ರವರೆಗೂ ತಪ್ಪುವುದಿಲ್ಲ: 53, ಸಿದ್ಧಾರ್ಥಿ, 1799. ಪಂಚಾಂಗ ತಿಳಿದವರೊಬ್ಬರು ಮತ್ತು ಪಾರಸಿ ಲಿಪಿ ಓದಬಲ್ಲವರೊಬ್ಬರು ಒಟ್ಟಿಗೆ ಕುಳಿತರೆ ಸಾವಿರಾರು ಮೈಲಿ ದೂರದ ಪ್ರಯೋಗಾಲಯದ ಹಂಗಿಲ್ಲದೆ ಈ ಪರೀಕ್ಷೆಯನ್ನು ಮಾಡಿ ಮುಗಿಸಬಹುದು. ಸ್ಲ್ಯಾಬಿನೊಳಗೆ ಇರುವ ನಾಣ್ಯದ ಮೇಲೂ ಇದನ್ನು ಮಾಡಬಹುದು. ಲೇಬಲ್ಲಿನಲ್ಲಿ ಮುದ್ರಿತವಾದ ವರ್ಷವು ನಾಣ್ಯದ ಮೇಲಿನ ವರ್ಷಕ್ಕೆ ಹೊಂದದಿದ್ದರೆ ಅದು ಕಂಪನಿಯ ಕೈತಪ್ಪೂ ಆಗಿರಬಹುದು, ಪೆಟ್ಟಿಗೆಯ ವಂಚನೆಯೂ ಆಗಿರಬಹುದು; ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಹಣ ಕೊಡದಿರುವುದು ಲೇಸು.

ಅಕ್ಷರದ ಪರೀಕ್ಷೆಯಲ್ಲಿ ಗೆದ್ದ ನಕಲಿಯೂ ತಯಾರಿಕೆಯ ಪರೀಕ್ಷೆಯಲ್ಲಿ ಸೋಲಬಹುದು. ಅಸಲಿ ನಾಣ್ಯದಿಂದಲೇ ಪಡಿಯಚ್ಚು ತೆಗೆದು ಲೋಹ ಎರೆದರೆ ವರ್ಷ, ಬರಹ, ಸಂವತ್ಸರ ಎಲ್ಲವೂ ಸರಿಯಾಗಿಯೇ ಇರುತ್ತವೆ. ಎರಕಕ್ಕೂ ಟಂಕಣಕ್ಕೂ ಇರುವ ಅಂತರವನ್ನು ಅರಿಯಲು ನಾಗಮಂಗಲಕ್ಕಿಂತ ತಕ್ಕ ಊರು ಈ ಸೀಮೆಯಲ್ಲಿ ಇಲ್ಲ. ಅಲ್ಲಿನ ವಿಶ್ವಕರ್ಮ ಕುಶಲಿಗಳು ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಉಳಿದ ಟೊಳ್ಳಿಗೆ ಲೋಹ ತುಂಬುವ ಎರಕಕ್ಕೆ ಹೆಸರಾದವರು. ಎರಕದಲ್ಲಿ ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ, ಗಾಳಿಯ ಗುಳ್ಳೆಗಳು ಸೂಜಿಮೊನೆಯಷ್ಟು ಕುಳಿಗಳನ್ನು ಬಿಡುತ್ತವೆ, ಅಕ್ಷರದ ಅಂಚುಗಳು ಮೊಂಡಾಗುತ್ತವೆ, ಎರಡು ಅಚ್ಚುಗಳು ಕೂಡಿದ ಕಡೆ ಅಂಚಿನಲ್ಲಿ ಗೆರೆ ಉಳಿಯುತ್ತದೆ ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗೀರು ಉಳಿಯುತ್ತದೆ. ಟಂಕಣದಲ್ಲಾದರೋ ಬೆಳ್ಳಿಯು ಗಟ್ಟಿಯಾಗಿರುವಾಗಲೇ ಅಚ್ಚಿನ ಒತ್ತಡಕ್ಕೆ ಹರಿದು ಅಕ್ಷರದ ಕುಳಿಯನ್ನು ತುಂಬುವುದರಿಂದ, ಅಕ್ಷರದ ಬದಿಗಳು ಕಡಿದಾಗಿ, ಬಯಲು ನಯವಾಗಿ, ಹೊರಗಿನ ಕಡೆಗೆ ಲೋಹ ಹರಿದ ನವಿರಾದ ಗೆರೆಗಳೊಡನೆ ಇರುತ್ತದೆ. ಹತ್ತರಷ್ಟು ಹಿಗ್ಗಿಸುವ ಮಸೂರವೊಂದು ಇದ್ದರೆ ಈ ವ್ಯತ್ಯಾಸ ಕಾಣುತ್ತದೆ. ಒಂದೇ ಜಾಗದಲ್ಲಿ ಒಂದೇ ಆಕಾರದ ಪೆಟ್ಟು ಬಿದ್ದಿರುವ ಎರಡು ನಾಣ್ಯಗಳು ಸಿಕ್ಕರೆ, ಅವುಗಳಲ್ಲಿ ಒಂದಾದರೂ ನಕಲಿಯೇ; ಬಹುಪಾಲು ಎರಡೂ.

ಲೋಹದ ಪರೀಕ್ಷೆಯಲ್ಲಿ ಅಕ್ಕಸಾಲಿಗರ ಒರೆಗಲ್ಲನ್ನೂ ಆಮ್ಲವನ್ನೂ ಈ ನಾಣ್ಯಗಳಿಂದ ದೂರವಿಡಬೇಕು. ಒರೆಗಲ್ಲು ಅಂಚನ್ನು ತಿನ್ನುತ್ತದೆ, ನೈಟ್ರಿಕ್ ಆಮ್ಲದ ಹನಿ ಮಾಯದ ಕಲೆ ಬಿಡುತ್ತದೆ, ಇವೆರಡೂ ಹೇಳುವುದು ಮೇಲ್ಮೈಯ ಲೋಹವನ್ನು ಮಾತ್ರ. ಪೆಟ್ಟಿಗೆಯಲ್ಲಿ ಇಲ್ಲದ ನಾಣ್ಯಕ್ಕೆ ಸಾಂದ್ರತೆಯ ಪರೀಕ್ಷೆಯೇ ಉತ್ತಮ. ಶುದ್ಧ ಬೆಳ್ಳಿಯ ಸಾಂದ್ರತೆ ನೀರಿನದಕ್ಕಿಂತ 10.49 ಪಟ್ಟು, ತಾಮ್ರದ್ದು 8.96 ಪಟ್ಟು, ಬೆಳ್ಳಿಯಂತೆ ಕಾಣುವ ಜರ್ಮನ್ ಸಿಲ್ವರ್ ಎಂಬ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣದ್ದು 8.7ರ ಆಸುಪಾಸು. ನಾಣ್ಯವನ್ನು ಮೊದಲು ಹಾಗೆಯೇ ತೂಗಿ, ಬಳಿಕ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿದರೆ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿದಾಗ ಸಾಂದ್ರತೆ ದೊರೆಯುತ್ತದೆ. 22.9 ಗ್ರಾಂ ತೂಗುವ ಎರಡು ರೂಪಾಯಿಯ ನಾಣ್ಯದಲ್ಲಿ ನೂರಕ್ಕೆ 96 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಎಂದು ಹಿಡಿದರೆ ನೀರಿನಲ್ಲಿ ಕಳೆಯುವ ತೂಕ ಸುಮಾರು 2.20 ಗ್ರಾಂ, ಅದೇ ತೂಕದ ಜರ್ಮನ್ ಸಿಲ್ವರ್ ಬಿಲ್ಲೆಯಾದರೆ 2.63 ಗ್ರಾಂ. ಚಿನ್ನ ಬೆಳ್ಳಿಯ ಅಂಗಡಿಗಳಲ್ಲಿ ಈಗ ಇರುವ, ಗ್ರಾಂನ ನೂರನೆಯ ಒಂದು ಪಾಲನ್ನು ತೋರಿಸುವ ತಕ್ಕಡಿಗೆ ಈ ಅಂತರವು ದೊಡ್ಡದೇ. ಒಂದು ರೂಪಾಯಿಯ ಇಮಾಮಿ ಸುಮಾರು 11.4 ಗ್ರಾಂ ತೂಗುತ್ತದೆ, ಅಂದರೆ 11.66 ಗ್ರಾಂನ ಒಂದು ತೊಲಕ್ಕಿಂತ ತುಸು ಕಡಿಮೆ. ಬ್ರಿಟಿಷರ ರಾಣಿ ಛಾಪಿನ ರೂಪಾಯಿ ಹೊಸದಾಗಿದ್ದಾಗ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಮೊಹರಾದ ಪೆಟ್ಟಿಗೆಯನ್ನು ನೀರಿಗೆ ಇಳಿಸಲಾಗದ ಕಾರಣ ಅಲ್ಲಿ ಬೇರೆ ದಾರಿ ಬೇಕು: ಪ್ಲಾಸ್ಟಿಕ್ಕಿನ ಮೂಲಕವೇ ಲೋಹದ ವಿದ್ಯುತ್ ರೋಧವನ್ನು ಅಳೆಯುವ ಸಣ್ಣ ಯಂತ್ರಗಳಿದ್ದು, ಅವು ಬೆಳ್ಳಿಗೂ ಅಗ್ಗದ ಮಿಶ್ರಲೋಹಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತವೆ. ಆದರೆ ಒಳ್ಳೆಯ ಬೆಳ್ಳಿಯಲ್ಲಿಯೇ ಮಾಡಿದ ನಕಲಿಯನ್ನು ಈ ಯಾವ ಲೋಹಪರೀಕ್ಷೆಯೂ ಹಿಡಿಯುವುದಿಲ್ಲ. ಆಗ ಮತ್ತೆ ಅಚ್ಚಿನ ಗುಣಕ್ಕೂ ಕಾಲಗಣನೆಗೂ ಮರಳಬೇಕು.

1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಈ ಟಂಕಸಾಲೆಯ ಕಥೆ ಮುಗಿಯಿತು. ಕೋಟೆಯನ್ನು ಹಿಡಿದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯು ಹಂಚಿದ ಪದಕವೂ ನಾಣ್ಯದ ಅಂಗಡಿಗಳಲ್ಲಿ ಟಿಪ್ಪುವಿನ ನಾಣ್ಯಗಳ ಪಕ್ಕದಲ್ಲಿಯೇ ಇರುವುದರಿಂದ ಅದರ ವಿಷಯವನ್ನೂ ಇಲ್ಲಿ ಹೇಳಬೇಕು: ಸಿಂಹವು ಹುಲಿಯನ್ನು ಮಣಿಸುತ್ತಿರುವ ಚಿತ್ರವಿರುವ ಈ ಪದಕವನ್ನು ಕೊನ್ರಾಡ್ ಕೂಕ್ಲರ್ ಕೊರೆದು, ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದ ಬಲದಿಂದ ಒತ್ತಲಾಯಿತು, ಸುಮಾರು 48 ಮಿಲಿಮೀಟರ್ ಅಗಲವಿರುವ ಇದಕ್ಕಿಂತ ಚಿಕ್ಕದಾದ ಕಲ್ಕತ್ತಾ ಟಂಕಸಾಲೆಯ ಅಚ್ಚೂ ಇದೆ. ಅಳತೆ ಚಿಕ್ಕದೆಂಬ ಒಂದೇ ಕಾರಣಕ್ಕೆ ಅಂಥದನ್ನು ನಕಲಿ ಎನ್ನಲಾಗದು.

ಪಾಂಡವಪುರವು ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಪಡೆದದ್ದು ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ಅತ್ತಿಗುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆಯೂ ಸುತ್ತಲಿನ ಹಳ್ಳಿಗಳೂ ರಾಜಧಾನಿಯಾದ ಶ್ರೀರಂಗಪಟ್ಟಣದ ಆಸರೆಯಲ್ಲಿ ಇದ್ದವು. ಇಂಥ ಕಡೆಗಳಲ್ಲಿ ಹಳೆಯ ಬೆಳ್ಳಿ ನಾಣ್ಯ ಮನೆಯಲ್ಲಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಎರಡು ರೂಪದಲ್ಲಿ ಉಳಿದಿರುತ್ತದೆ: ಲಕ್ಷ್ಮೀಪೂಜೆಯ ಕಳಶದ ಬಳಿ ಇಡುವ ರೂಪಾಯಿಯಾಗಿ, ಇಲ್ಲವೇ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ ಒಡವೆಯಾಗಿ. ಬೆಸೆದ ಕೊಂಡಿಯನ್ನು ಕತ್ತರಿಸಿ ತೆಗೆಸಿದರೆ ನಾಣ್ಯದ ಬೆಲೆ ಏರುವುದಿಲ್ಲ. ಕಿತ್ತ ಗಾಯವನ್ನೇ ಗ್ರೇಡಿಂಗಿನವರು ದೋಷವೆಂದು ಬರೆಯುತ್ತಾರೆ, ಒಡವೆಯಾಗಿ ಅದಕ್ಕಿದ್ದ ಇತಿಹಾಸವೂ ಹೋಗುತ್ತದೆ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಚ್ಚಿ ಉಜ್ಜುವುದು ಅದಕ್ಕಿಂತ ಕೆಟ್ಟದ್ದು. ಗಾಳಿಯಲ್ಲಿನ ಗಂಧಕದೊಂದಿಗೆ ಬೆಳ್ಳಿ ಸೇರಿ ನಿಧಾನವಾಗಿ ಕಟ್ಟುವ ಕಪ್ಪು ಪೊರೆಯು ಅಕ್ಷರದ ಸಂದುಗಳಲ್ಲಿ ದಟ್ಟವಾಗಿ, ಎತ್ತರದಲ್ಲಿ ತೆಳುವಾಗಿ ಕುಳಿತಿರುವುದು ನೂರಾರು ವರ್ಷಗಳ ಗುರುತು. ಒಂದೇ ಸಮನಾಗಿ ಬಳಿದಂತೆ ಕಾಣುವ ಕಪ್ಪು ರಾಸಾಯನಿಕದಿಂದ ಬಂದದ್ದು. ಉಜ್ಜಿ ಹೊಳಪಿಸಿದವರು ಈ ಸಾಕ್ಷ್ಯವನ್ನು ತಮ್ಮ ಕೈಯಾರೆ ಅಳಿಸುತ್ತಾರೆ, ಮತ್ತು ಅಳಿಸಿದ್ದನ್ನು ಮರಳಿ ತರುವ ಉಪಾಯವಿಲ್ಲ.

ಮನೆಯಲ್ಲಿರುವ ಇಂಥ ನಾಣ್ಯವನ್ನು ಗ್ರೇಡಿಂಗಿಗಾಗಿ ಅಮೆರಿಕಕ್ಕೆ ಅಂಚೆಯಲ್ಲಿ ಕಳುಹಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ನಾಣ್ಯವು ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವುದು ಆರು ತಿಂಗಳಿಂದ ಮೂರು ವರ್ಷದವರೆಗಿನ ಸೆರೆಮನೆ ಮತ್ತು ದಂಡಕ್ಕೆ ಗುರಿಮಾಡುವ ಅಪರಾಧ, ಮತ್ತು ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಮಡಕೆಯಲ್ಲಿ ನಾಣ್ಯ ದೊರೆತರೆ 1878ರ ಭಾರತೀಯ ನಿಧಿ ಕಾಯ್ದೆಯ ಕಾಲದಿಂದಲೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕಾದದ್ದು ಕಡ್ಡಾಯ. ಆದ್ದರಿಂದ ವಿದೇಶಿ ಸ್ಲ್ಯಾಬಿನಲ್ಲಿ ನ್ಯಾಯವಾಗಿ ಇರುವ ಟಿಪ್ಪು ನಾಣ್ಯವೆಂದರೆ ಹೊರಗೆ ಕಳುಹಿಸುವುದರ ಮೇಲೆ ನಿರ್ಬಂಧ ಬರುವ ಮೊದಲೇ ದೇಶ ಬಿಟ್ಟದ್ದು. ಅಂಥದನ್ನು ಕೊಳ್ಳುವವರು ಅಂಕವನ್ನು ಕೇಳುವ ಮೊದಲು ಅದು ಯಾರ ಸಂಗ್ರಹದಿಂದ, ಯಾವ ಹರಾಜಿನಿಂದ ಬಂತೆಂಬ ಕಾಗದವನ್ನು ಕೇಳುವುದು ನ್ಯಾಯವೂ ಹೌದು, ಅಸಲಿತನದ ಬಲವಾದ ಆಧಾರವೂ ಹೌದು.

ಇವೆಲ್ಲ ಪರೀಕ್ಷೆಗಳಿಗೂ ಮೂಲದಲ್ಲಿ ಬೇಕಾದದ್ದು ಹೋಲಿಸಿ ನೋಡಲು ಸಂದೇಹವಿಲ್ಲದ ಮಾದರಿ. ಅಹಮದಾಬಾದಿನ ಜಾರ್ಜ್ ಟೇಲರ್ 1914ರಲ್ಲಿ, ಮದರಾಸು ಮ್ಯೂಸಿಯಂನ ಮೇಲ್ವಿಚಾರಕರಾಗಿದ್ದ ಜೆ. ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥಗಳೇ ಈ ನಾಣ್ಯಗಳ ಅಧ್ಯಯನಕ್ಕೆ ಇಂದಿಗೂ ತಳಹದಿ. ಶತಮಾನ ಕಳೆದ ಆ ಪುಸ್ತಕಗಳ ಕಪ್ಪುಬಿಳುಪಿನ ಫಲಕಗಳಲ್ಲಿ ನಾಣ್ಯದ ಅಂಚಾಗಲಿ, ಲೋಹ ಹರಿದ ಗೆರೆಗಳಾಗಲಿ ಕಾಣುವುದಿಲ್ಲ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯು ಇಂದು ಟಿಪ್ಪುವಿನ ಕಾಲದ ವಸ್ತುಗಳ ಸಂಗ್ರಹಾಲಯವಾಗಿ ಶ್ರೀರಂಗಪಟ್ಟಣದಲ್ಲಿಯೇ ಇದೆ. ರಾಜ್ಯದ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿಯೂ ಪಟ್ಟಣದ ಅಚ್ಚಿನ ನಾಣ್ಯಗಳಿವೆ. ಪ್ರತಿಯೊಂದರ ಎರಡು ಮುಖ ಮತ್ತು ಅಂಚಿನ ದೊಡ್ಡ ಚಿತ್ರ, ನೂರನೆಯ ಒಂದು ಗ್ರಾಂವರೆಗಿನ ತೂಕ, ವ್ಯಾಸ, ಸಾಂದ್ರತೆ, ಬರಹದ ಪಾಠ, ಅದಕ್ಕೆ ಸರಿಯಾದ ಸಂವತ್ಸರ ಇವಿಷ್ಟನ್ನು ಕನ್ನಡದಲ್ಲಿ ಒಂದೆಡೆ ಸೇರಿಸಿ ಎಲ್ಲರಿಗೂ ತೆರೆದಿಟ್ಟರೆ, ಕೃಷ್ಣರಾಜಪೇಟೆಯ ಅಕ್ಕಸಾಲಿಗರ ಅಂಗಡಿಗೆ ಯಾರಾದರೂ ತಂದ ರೂಪಾಯಿಯನ್ನೂ, ಅಮೆರಿಕದಲ್ಲಿ ಮೊಹರಾದ ಪೆಟ್ಟಿಗೆಯನ್ನೂ ಒಂದೇ ಅಳತೆಯಿಂದ ಪರೀಕ್ಷಿಸಲು ಸಾಧ್ಯವಾಗುತ್ತದೆ. ಒಂದೇ ಅಚ್ಚಿನಿಂದ ಹೊರಬಂದ ನಾಣ್ಯಗಳನ್ನು ಅಂಥ ಚಿತ್ರಗಳ ನೆರವಿನಿಂದ ಗುಂಪುಗೂಡಿಸಿದಾಗ, ಯಾವ ಗುಂಪಿಗೂ ಸೇರದೆ ಉಳಿಯುವ ನಾಣ್ಯಗಳನ್ನೇ ಮೊದಲು ಅನುಮಾನದಿಂದ ನೋಡಬೇಕಾಗುತ್ತದೆ.